ಬಾನುಲಿಯಿಂದ ರಂಗಕ್ಕೆ ಬಂದ ವಾದ್ಯವೃಂದ

ಕಾವ್ಯವು ಶ್ರವ್ಯವೆಂದೂ ದೃಶ್ಯವೆಂದೂ ಎರಡು ಬಗೆಯೆಂಬುದು ನಮ್ಮ ಲಾಕ್ಷಣಿಕರ ಮತ. ಕಿವಿಗೆ ಮಾತ್ರ ವಿಷಯವಾದುದು ಶ್ರವ್ಯ. ಕಣ್ಣು ಕಿವಿಗಳೆರಡಕ್ಕೂ ವಿಷಯವಾದುದು ದೃಶ್ಯ. ಈ ವಿಭಾಗವನ್ನು ಸಂಗೀತಕ್ಕೆ ಅನ್ವಯಿಸಬೇಕಾದ ಸಂದರ್ಭವು ಪೂರ್ವಕಾಲದಲ್ಲಿ ಒದಗಿರಲಿಲ್ಲ. ಹಾಡುವವನ ಊರೊಂದು, ಕೇಳುವವನ ಊರೊಂದು ಆಗುವುದು ಆಗ ಅಸಂಭವವಾಗಿದ್ದಿತು. ಬಾನುಲಿಯು ಬಂದ ಮೇಲೆ ಸಂಗೀತವು ಶುದ್ಧ ಶ್ರವ್ಯವಾಯಿತು. ಹಾಗೆ ಶ್ರವ್ಯವಾಗಿಯೇ ಹುಟ್ಟಿ ಬೆಳೆದ ವಾದ್ಯವೃಂದವೊಂದು ಮರಳಿ ರಂಗಸ್ಥಳವನ್ನು ಏರಿದರೆ ಅದರ ಕಲೆಗೆ ವೃದ್ಧಿಯೋ ಹಾನಿಯೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಹಾಲೆಂಡ್ ದೇಶದ ಮೆಟ್ರೋಪೋಲ್ ವಾದ್ಯವೃಂದದ ಚರಿತ್ರೆಯು ಇದಕ್ಕೆ ತಕ್ಕ ಉತ್ತರವನ್ನು ಕೊಡುತ್ತದೆ.

ಆ ದೇಶಕ್ಕೆ ಬಾನುಲಿಯು ಹೊಸದಲ್ಲ. 1919ನೆಯ ಇಸವಿ ನವೆಂಬರ್ 6ರಂದು ಹೇಗ್ ನಗರದಲ್ಲಿ ಹಾನ್ಸೋ ಇಡ್ಜೆರ್ಡಾ ಎಂಬ ಯಂತ್ರಜ್ಞನು ಪತ್ರಿಕೆಯಲ್ಲಿ ಮೊದಲೇ ಪ್ರಕಟಣೆ ಕೊಟ್ಟು, ತನ್ನ ಮನೆಯಿಂದಲೇ ಸಂಗೀತ ಕಾರ್ಯಕ್ರಮವೊಂದನ್ನು ಪ್ರಸಾರ ಮಾಡಿದನು. ಯೂರೋಪಿನಲ್ಲಿ ಸಾರ್ವಜನಿಕರಿಗೆಂದು ಹೊರಟ ಮೊದಮೊದಲಿನ ಪ್ರಸಾರಗಳಲ್ಲಿ ಅದೂ ಒಂದು. ಕಡಲಾಚೆಯ ಇಂಗ್ಲೆಂಡಿನಲ್ಲಿಯೂ ಅದಕ್ಕೆ ಶ್ರೋತೃಗಳಿದ್ದರು. ಆದರೆ ಕೇಳುವವರು ಅನೇಕರಾದರೂ ಕೊಡುವವರು ಸಾಲದೆಹೋಗಿ, 1924ರಲ್ಲಿ ಆ ನಿಲಯವು ಮುಚ್ಚಿತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಮುಂದಿನ ವಿಚಾರಕ್ಕೆ ಇದು ಬೇಕಾಗುತ್ತದೆ.

ಮೆಟ್ರೋಪೋಲ್ ವೃಂದವು ಹುಟ್ಟಿದುದು 1945ರಲ್ಲಿ. ಐದು ವರ್ಷಗಳ ಜರ್ಮನ್ ಆಕ್ರಮಣದಿಂದ ದೇಶವು ಆಗತಾನೆ ಬಿಡುಗಡೆ ಹೊಂದಿದ್ದಿತು. ಬಳಲಿದ ಜನಕ್ಕೆ ಉಲ್ಲಾಸ ಕೊಡುವ ಸಂಗೀತವು ಬಾನುಲಿಗೆ ಬೇಕಾಗಿದ್ದಿತು. ಡಾಲ್ಫ್ ಫಾನ್ ಡೆರ್ ಲಿಂಡನ್ ಎಂಬ ಸಂಗೀತಗಾರನು ಈ ವೃಂದವನ್ನು ಕಟ್ಟಿ 1980ರವರೆಗೆ ನಡೆಸಿದನು. ಇದರ ಘಟನೆಯೇ ವಿಲಕ್ಷಣವಾದುದು. ಒಂದು ಕಡೆ ಶಾಸ್ತ್ರೀಯ ವಾದ್ಯಮೇಳದ ಪಿಟೀಲುಗಳ ಸಾಲು; ಇನ್ನೊಂದು ಕಡೆ ಜಾಸ್ ಸಂಪ್ರದಾಯದ ತುತ್ತೂರಿ, ಸ್ಯಾಕ್ಸೊಫೋನುಗಳು; ನಡುವೆ ತಾಳವಾದ್ಯಗಳು. ಎರಡು ಮನೆತನಗಳು ಒಂದೇ ಮನೆಯಲ್ಲಿ ಸಂಸಾರ ಹೂಡಿದಂತೆ ಈ ಏರ್ಪಾಡು.

ಇಂಥ ವೃಂದಕ್ಕೆ ಧ್ವನಿಗ್ರಾಹಕ ಯಂತ್ರವೇ ಗುರುವಾಯಿತು. ಆ ಯಂತ್ರದ ಮುಂದೆ ಹಾವಭಾವಗಳಿಗೆ ಬೆಲೆಯಿಲ್ಲ, ಉಡುಪಿಗೆ ಬೆಲೆಯಿಲ್ಲ; ಸಭಿಕರ ಕರತಾಡನದಲ್ಲಿ ತಪ್ಪು ಮರೆಯಾಗುವಂತೆಯೂ ಇಲ್ಲ. ಪಿಟೀಲಿನ ಮೃದುಧ್ವನಿಯನ್ನು ತುತ್ತೂರಿಯು ನುಂಗದಂತೆ ಪ್ರತಿಯೊಬ್ಬನೂ ತನ್ನ ಬಲವನ್ನು ತಾನೇ ಅಳೆದುಕೊಳ್ಳಬೇಕು. ಭರತಮುನಿಯು ಗಾನ, ವಾದ್ಯ, ನಾಟ್ಯಗಳು ಅಲಾತಚಕ್ರದಂತೆ ಇರಬೇಕೆಂದು ವಿಧಿಸಿರುವನು. ಕೊಳ್ಳಿಯನ್ನು ವೇಗವಾಗಿ ತಿರುಗಿಸಿದಾಗ ಕೊಳ್ಳಿಯು ಕಾಣದೆ ಬೆಂಕಿಯ ಚಕ್ರವೊಂದೇ ಕಾಣುವಂತೆ, ಬೇರೆ ಬೇರೆ ಅಂಗಗಳು ಒಂದಾಗಿ ತೋರಬೇಕೆಂಬುದು ಇದರ ಆಶಯ. ಬಾನುಲಿಯ ಕೊಠಡಿಯಲ್ಲಿ ಈ ವೃಂದವು ದಶಕಗಳ ಕಾಲ ಮಾಡಿದ ಅಭ್ಯಾಸವು ಇದೇ ಆಗಿದೆ.

ಈ ಅಭ್ಯಾಸಕ್ಕೆ ಕಠಿನ ಪರೀಕ್ಷೆಯು ಬಂದುದು ಫಂಕ್ ಎಂಬ ಸಂಗೀತದಿಂದ. 1960ರ ದಶಕದಲ್ಲಿ ಅಮೆರಿಕದ ಕರಿಯ ಜನರಲ್ಲಿ, ವಿಶೇಷವಾಗಿ ಜೇಮ್ಸ್ ಬ್ರೌನ್ ಎಂಬ ಗಾಯಕನ ಮೇಳದಲ್ಲಿ, ಇದು ರೂಪುಗೊಂಡಿತು. ಇದರಲ್ಲಿ ರಾಗವಿಸ್ತಾರವಾಗಲಿ ಸ್ವರಮೇಳದ ವೈಚಿತ್ರ್ಯವಾಗಲಿ ಪ್ರಧಾನವಲ್ಲ, ಲಯವೇ ಪ್ರಧಾನ. ನಾಲ್ಕೆಣಿಕೆಯ ಆವರ್ತದ ಮೊದಲ ಪೆಟ್ಟಿನ ಮೇಲೆ ಭಾರವೆಲ್ಲ ಬೀಳುತ್ತದೆ; ತಂತಿವಾದ್ಯವೂ ತುತ್ತೂರಿಯೂ ಮೃದಂಗದ ಕೆಲಸವನ್ನೇ ಮಾಡುತ್ತವೆ. ಗೀತವೂ ತಾಳವೂ ಒಡನೆ ಆರಂಭವಾದರೆ ಸಮಗ್ರಹವೆಂದೂ, ಹಿಂದುಮುಂದಾದರೆ ಅತೀತ, ಅನಾಗತವೆಂದೂ ನಮ್ಮವರು ಹೇಳುವರು. ಫಂಕಿನ ರುಚಿಯೂ ಹೀಗೆ ಸಮವನ್ನು ಬಿಟ್ಟು ತೊಲಗಿದಂತೆ ತೋರಿ ಮತ್ತೆ ಸಮದಲ್ಲಿಯೇ ಬಂದು ನಿಲ್ಲುವುದರಲ್ಲಿದೆ. ಇದರಲ್ಲಿ ನುಡಿಸುವುದಕ್ಕಿಂತ ನುಡಿಸದೆ ತಡೆಯುವುದು ಕಷ್ಟ. ಐವತ್ತು ಮಂದಿಯ ವೃಂದದಲ್ಲಿ ಒಬ್ಬನು ಕೂದಲೆಳೆಯಷ್ಟು ತಡಮಾಡಿದರೂ ಲಯವು ಕೆಸರಿನಲ್ಲಿ ಹೂತ ಗಾಡಿಯಂತಾಗುತ್ತದೆ.

ಅಮೆರಿಕದ ಟೆಕ್ಸಾಸ್ ಪ್ರಾಂತದ ಡೆಂಟನ್ ಊರಿನಲ್ಲಿ 2004ರಲ್ಲಿ ಹುಟ್ಟಿದ ಸ್ನಾರ್ಕಿ ಪಪ್ಪಿ ಎಂಬ ಮೇಳವು 2013ರಲ್ಲಿ ಹಾಲೆಂಡಿನ ಯೂಟ್ರೆಕ್ಟ್‌ಗೆ ಬಂದು ಒಂದು ಕೃತಿಸಮೂಹವನ್ನು ಧ್ವನಿಮುದ್ರಿಸಿತು. ಅಲ್ಲಿ ಸಭಿಕರು ವಾದಕರ ಪಕ್ಕದಲ್ಲಿಯೇ ಕುಳಿತಿದ್ದರು; ಆದರೂ ಪ್ರತಿಯೊಬ್ಬರೂ ಕಿವಿಗೆ ಶ್ರವಣಯಂತ್ರವನ್ನು ಧರಿಸಿ, ಅದರ ಮೂಲಕವೇ ಕೇಳಿದರು. ದೃಶ್ಯವು ಕಣ್ಣೆದುರಿಗಿದ್ದರೂ ಶ್ರವ್ಯವನ್ನು ಬಿಟ್ಟುಕೊಡದ ಈ ವಿಧಾನವು ಮೆಟ್ರೋಪೋಲ್ ವೃಂದದ ಸ್ವಭಾವಕ್ಕೆ ಅತ್ಯಂತ ಸಮೀಪವಾದುದು. ಮರುವರ್ಷ, 2014ರಲ್ಲಿ, ಈ ಎರಡು ಮೇಳಗಳೂ ಡಾರ್ಡ್ರೆಕ್ಟ್ ನಗರದಲ್ಲಿ ಒಂದಾದುವು. ಮೈಕೆಲ್ ಲೀಗ್ ಆರು ಕೃತಿಗಳನ್ನು ರಚಿಸಿದನು. ಜೂಲ್ಸ್ ಬಕ್ಲಿ ವೃಂದವನ್ನು ನಡೆಸಿದನು. ಅರಣ್ಯವನ್ನೇ ವಸ್ತುವಾಗುಳ್ಳ ಈ ಕೃತಿಗಳು 2015ರಲ್ಲಿ ‘ಸಿಲ್ವಾ’ ಎಂಬ ಹೆಸರಿನಿಂದ ಹೊರಬಂದುವು. ಮರುವರ್ಷ ಅವಕ್ಕೆ ಅಮೆರಿಕದ ಗ್ರ್ಯಾಮಿ ಪ್ರಶಸ್ತಿಯೂ ದೊರೆಯಿತು.

ಪ್ರಶಸ್ತಿಯು ಗುಣಕ್ಕೆ ಪ್ರಮಾಣವಲ್ಲವಾದುದರಿಂದ ಕೃತಿಯನ್ನೇ ಪರಿಶೀಲಿಸಬೇಕು. ಆರರಲ್ಲಿ ‘ಅಚಾಫಲಾಯ’ವು ಉತ್ತಮವೆಂದು ಹೇಳಬಹುದು. ಲೂಸಿಯಾನಾ ಪ್ರಾಂತದ ಜೌಗುಕಾಡಿನ ಹೆಸರನ್ನು ಹೊತ್ತ ಇದರಲ್ಲಿ ನ್ಯೂ ಆರ್ಲಿಯನ್ಸ್ ಬೀದಿಯ ಮೆರವಣಿಗೆಯ ನಡೆಯಿದೆ. ಇಲ್ಲಿ ಅಲಾತಚಕ್ರವು ಪೂರ್ಣವಾಗಿ ಸುತ್ತುತ್ತದೆ. ಯಾವ ಕಹಳೆಯು ಯಾವ ಮೇಳದ್ದೆಂದು ಕಿವಿಯು ಕೇಳಹೋಗುವುದಿಲ್ಲ. ಸುಮಾರು ಹದಿನೈದು ನಿಮಿಷದ ‘ದಿ ಕರ್ಟನ್’ ಎಂಬುದರಲ್ಲಿ ದೊಡ್ಡ ಧ್ವನಿಯು ಹಿಂದೆ ಸರಿದು ಪಿಯಾನೋ ಒಂದೇ ಮಾತನಾಡುವ ಭಾಗವು ಔಚಿತ್ಯಕ್ಕೆ ನಿದರ್ಶನವಾಗಿದೆ. ಅಷ್ಟು ಮಂದಿ ಸುಮ್ಮನಿರಲು ಬಲ್ಲರೆಂಬುದೇ ಅಲ್ಲಿನ ಶೋಭೆ. ಆದರೆ ಎಲ್ಲಕ್ಕೂ ದೀರ್ಘವಾದ ‘ದಿ ಕ್ಲಿಯರಿಂಗ್’ ಕೃತಿಯ ವಿಷಯದಲ್ಲಿ ಹೀಗೆ ಹೇಳುವಂತಿಲ್ಲ. ಅದರಲ್ಲಿ ತಂಗುದಾಣಗಳು ಹೆಚ್ಚು. ಪಿಟೀಲುಗಳು ಕೆಲವೆಡೆ ಲಯದಲ್ಲಿ ಪಾಲ್ಗೊಳ್ಳದೆ ಅದರ ಮೇಲೆ ಹೊದಿಸಿದ ಜರತಾರಿ ಶಾಲಿನಂತೆ ತೋರುತ್ತವೆ. ಅಲಂಕಾರವು ಅಂಗಿಯಾದ ರಸವನ್ನು ಮುಚ್ಚಿದರೆ ಅದು ದೋಷವೇ ಸರಿ.

ಇಷ್ಟು ಗುಣದೋಷ ವಿಮರ್ಶೆಯಾದ ಮೇಲೆ ಪೋಷಣೆಯ ವಿಚಾರವನ್ನು ಹೇಳದೆ ಬಿಡುವುದು ಸಾಧುವಲ್ಲ. 2010ರಲ್ಲಿ ಅಧಿಕಾರಕ್ಕೆ ಬಂದ ಡಚ್ ಸರ್ಕಾರವು ವೆಚ್ಚವನ್ನು ಕಡಿಮೆಮಾಡುವ ಸಲುವಾಗಿ, ಬಾನುಲಿಯ ವಾದ್ಯವೃಂದಗಳನ್ನು ಪೋಷಿಸುತ್ತಿದ್ದ ಸಂಗೀತ ಕೇಂದ್ರವನ್ನು ವಿಸರ್ಜಿಸಲು ನಿಶ್ಚಯಿಸಿತು. 2013ರಲ್ಲಿ ರೇಡಿಯೋ ಚೇಂಬರ್ ಫಿಲ್ಹಾರ್ಮೋನಿಕ್ ಎಂಬ ಸೋದರವೃಂದವು ಮುಚ್ಚಿಹೋಯಿತು. ಮೆಟ್ರೋಪೋಲ್ ಬಾನುಲಿಯ ಆಶ್ರಯವನ್ನು ಬಿಟ್ಟು ಸ್ವತಂತ್ರ ಸಂಸ್ಥೆಯಾಗಿ ಉಳಿಯಿತು. ‘ಸಿಲ್ವಾ’ ಆದುದು ಈ ಸಂಕಟದ ಬೆನ್ನಿಗೇ. 2016ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಕ್ವಿನ್ಸಿ ಜೋನ್ಸ್ ಕೃತಿಗಳ ಗೋಷ್ಠಿ, 2020ರಲ್ಲಿ ಫಂಕ್ ಗಿಟಾರುಗಾರನಾದ ಕೋರಿ ವಾಂಗ್ ಜತೆಯಲ್ಲಿ ನುಡಿಸಿದ ಆಮ್ಸ್ಟರ್‌ಡ್ಯಾಮ್ ಗೋಷ್ಠಿಯ ಪ್ರಕಟನೆ ಮುಂತಾದುವು ಆಮೇಲಿನವು.

ಇದನ್ನು ಕಂಡು, ಅನುದಾನವು ನಿಂತುದೇ ಲೇಸಾಯಿತು, ಕಲೆಯು ತನ್ನ ಕಾಲಮೇಲೆ ನಿಂತಿತು ಎಂದು ವಾದಿಸುವವರುಂಟು. ಈ ವಾದವು ಹಣ್ಣನ್ನು ತಿಂದು ಬೇರನ್ನು ಅಲ್ಲಗಳೆಯುವಂಥದು. ರಂಗದ ಮೇಲೆ ಜನರು ಮೆಚ್ಚಿದ ಆ ಸಮತೋಲವು ರಂಗದ ಮೇಲೆ ಕಲಿತುದಲ್ಲ. ಅರುವತ್ತೇಳು ವರ್ಷಗಳ ಕಾಲ ಸಾರ್ವಜನಿಕ ಧನದಿಂದ ನಡೆದ ಬಾನುಲಿಯ ಕೊಠಡಿಯಲ್ಲಿ ಕಲಿತುದು. ಕೇಳುವವರ ಕೈಯ ಕಾಣಿಕೆಯನ್ನೇ ನಂಬಿದ ಇಡ್ಜೆರ್ಡಾನ ನಿಲಯವು ಐದೇ ವರ್ಷಗಳಲ್ಲಿ ಮುಚ್ಚಿದುದನ್ನೂ, ಮುಚ್ಚಿಹೋದ ಸೋದರವೃಂದವನ್ನೂ ಲೆಕ್ಕಕ್ಕೆ ತಾರದೆ, ಉಳಿದುದೊಂದನ್ನೇ ತೋರಿಸಿ ಸಿದ್ಧಾಂತ ಮಾಡುವುದು ನ್ಯಾಯವಲ್ಲ.

ಆದುದರಿಂದ ಮೊದಲಿನ ಪ್ರಶ್ನೆಗೆ ಉತ್ತರವಿಷ್ಟು. ಶ್ರವ್ಯವು ದೃಶ್ಯವಾದುದರಿಂದ ಈ ವೃಂದಕ್ಕೆ ಹಾನಿಯಾಗಲಿಲ್ಲ. ಏಕೆಂದರೆ ಕಣ್ಣಿಗೆ ಹಬ್ಬವನ್ನು ಮಾಡಿದಾಗಲೂ ಅದು ಕಿವಿಯ ಕಟ್ಟುಪಾಡನ್ನು ಮರೆಯಲಿಲ್ಲ. ಎಲ್ಲಿ ಮರೆಯಿತೋ ಅಲ್ಲಿಯೇ ಎಡವಿತು. ಕಲೆಯು ಹೊಸ ಅಂಗಳಕ್ಕೆ ಹೋಗಬಹುದು, ಹೊಸ ತಾಳವನ್ನು ಹಿಡಿಯಬಹುದು. ಅಭ್ಯಾಸ ಮಾಡಿದ ಮನೆಯ ಋಣವನ್ನು ಮಾತ್ರ ಕಲಾವಿದನೂ ಮರೆಯಬಾರದು, ಕೇಳುವ ನಾಡೂ ಮರೆಯಬಾರದು.