ಎಂಜಿನಿಯರಿಂಗ್ ಶಿಕ್ಷಣವೂ ಪುರದ ಪಾಠವೂ

ಎಂಜಿನಿಯರಿಂಗ್ ಶಿಕ್ಷಣವು ಸಮಾಜಾಭಿಮುಖವಾಗಬೇಕೆಂಬ ಮಾತಿಗೆ ಇಂದು ವಿರೋಧಿಗಳು ವಿರಳ. ವಿರೋಧವಿಲ್ಲದ ಮಾತು ಬಹುಬೇಗ ಅರ್ಥವನ್ನು ಕಳೆದುಕೊಳ್ಳುತ್ತದೆ. ಹಿಂದುಳಿದವರಿಗೂ ಸ್ತ್ರೀಯರಿಗೂ ಪ್ರವೇಶ ದೊರೆತು, ಬೋಧನೆಯು ದೇಶಭಾಷೆಯಲ್ಲಿ ನಡೆದರೆ ಆ ಶಿಕ್ಷಣವು ಸರ್ವರದಾಯಿತೆಂಬ ಭಾವನೆ ವ್ಯಾಪಕವಾಗಿದೆ. ಇವೆರಡೂ ಅವಶ್ಯಕವೇ, ಆದರೆ ಇವುಗಳಿಗೂ ಮೊದಲಿನ ಪ್ರಶ್ನೆಯೊಂದುಂಟು. ವಿದ್ಯಾರ್ಥಿಯು ಬಿಡಿಸಬೇಕಾದ ಸಮಸ್ಯೆಯನ್ನು ನಿರ್ಧರಿಸುವವರು ಯಾರು? ಇದರ ವಿಚಾರಕ್ಕೆ ಕನ್ನಡನಾಡಿನಲ್ಲಿಯೇ ನಡೆದ ಒಂದು ಪ್ರಯೋಗವು ಆಧಾರವನ್ನೊದಗಿಸುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಸಂಕ್ಷಿಪ್ತನಾಮದ ಕಾರ್ಯಕ್ರಮವು ಆರಂಭವಾಯಿತು. ವಿಜ್ಞಾನ ತಂತ್ರಜ್ಞಾನಗಳನ್ನು ಗ್ರಾಮಜೀವನಕ್ಕೆ ಅನ್ವಯಿಸುವುದು ಅದರ ಉದ್ದೇಶ. ಅದರ ಪ್ರವರ್ತಕರಾದ ಅಮೂಲ್ಯ ರೆಡ್ಡಿಯವರು (1930-2006) ವಿದ್ಯುದ್ರಸಾಯನಶಾಸ್ತ್ರದಲ್ಲಿ ಖ್ಯಾತಿವೆತ್ತ ವಿದ್ವಾಂಸರು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಈ ಕಾರ್ಯಕ್ರಮದ ವಿಸ್ತರಣ ಕೇಂದ್ರ ಸ್ಥಾಪಿತವಾಯಿತು. ಸುತ್ತಲಿನ ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಯಾವ ಇಂಧನ, ಯಾರ ಶ್ರಮ, ಎಷ್ಟು ಹೊತ್ತು ವೆಚ್ಚವಾಗುತ್ತದೆಂಬುದರ ಲೆಕ್ಕ ಸಿದ್ಧವಾಯಿತು. ಪುರವೆಂಬ ಸಣ್ಣ ಊರಿನಲ್ಲಿ ಸೌದೆಯೇ ಪ್ರಧಾನ ಇಂಧನವೆಂಬುದೂ, ಮಾನವಶ್ರಮದ ಗಂಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದೆಂಬುದೂ ಅದರಿಂದ ವ್ಯಕ್ತವಾಯಿತು. ನೀರಿನ ಕೊಡವೂ ಸೌದೆಯ ತಲೆಹೊರೆಯೂ ಶಕ್ತಿಶಾಸ್ತ್ರದ ಲೆಕ್ಕದಲ್ಲಿ ಸ್ಥಾನ ಪಡೆದುದು ಸಾಮಾನ್ಯ ಸಂಗತಿಯಲ್ಲ.

ಆದರೂ ಮೊದಲ ಯೋಜನೆ ಫಲಿಸಲಿಲ್ಲ. ದನಗಳ ಸಗಣಿಯಿಂದ ಅನಿಲವನ್ನು ಉತ್ಪಾದಿಸಿ ಊರಿನ ಮನೆಗಳಿಗೆಲ್ಲ ಅಡುಗೆಗಾಗಿ ಒದಗಿಸಬೇಕೆಂಬುದು ಸಂಕಲ್ಪ. ಎಲ್ಲರ ಅಡುಗೆಗೂ ಸಾಲುವಷ್ಟು ಅನಿಲ ಹುಟ್ಟಲಿಲ್ಲ. ಅದಕ್ಕಿಂತ ಮುಖ್ಯವಾದ ಕಾರಣವೆಂದರೆ, ಸೌದೆಯು ಹಣ ತೆರದೆಯೇ ದೊರೆಯುತ್ತಿದ್ದುದರಿಂದ ಅಡುಗೆಯ ಅನಿಲವು ಊರವರ ಮೊದಲ ಬೇಡಿಕೆಯಾಗಿರಲಿಲ್ಲ. ಅವರಿಗೆ ಮೊದಲು ಬೇಕಾದುದು ಕುಡಿಯುವ ನೀರು. ಈ ಅರಿವಿನ ಮೇಲೆ 1987ರಲ್ಲಿ ಯೋಜನೆ ರೂಪಾಂತರ ಹೊಂದಿತು. ಅದೇ ಅನಿಲವು ಡೀಸೆಲ್ಲಿನೊಡನೆ ಎಂಜಿನನ್ನು ನಡೆಸಿ, ವಿದ್ಯುತ್ತನ್ನು ಕೊಟ್ಟು, ನೀರನ್ನು ಮೇಲೆತ್ತಿ, ಮನೆಗಳಲ್ಲಿ ದೀಪ ಬೆಳಗಿತು. ತಂದ ಸಗಣಿಯನ್ನು ತೂಗಿ, ಗೊಬ್ಬರವಾಗಬಲ್ಲ ಬಗ್ಗಡವನ್ನು ಹಿಂದಿರುಗಿಸಿ, ತಂದವರಿಗೆ ಅಲ್ಪ ಹಣವನ್ನೂ ಕೊಡುವ ಏರ್ಪಾಡಾಯಿತು.

ಇಲ್ಲಿ ಅನಿಲದ ರಸಾಯನಶಾಸ್ತ್ರ ಬದಲಾಗಲಿಲ್ಲ. ಬದಲಾದುದು ಸಮಸ್ಯೆಯ ನಿರೂಪಣೆ. ಎಂಜಿನಿಯರಿಂಗ್ ಪ್ರಶ್ನಪತ್ರಿಕೆಯಲ್ಲಿ ಸಾಮಾನ್ಯವಾಗಿ ಸಮಸ್ಯೆಯೂ ದತ್ತಾಂಶಗಳೂ ಸಿದ್ಧವಾಗಿರುತ್ತವೆ. ವಿದ್ಯಾರ್ಥಿಯ ಪಾಲಿಗೆ ಉಳಿಯುವುದು ಉತ್ತರ ಮಾತ್ರ. ಪುರದಲ್ಲಿ ವಿಜ್ಞಾನಿಗಳೇ ತಪ್ಪು ಪ್ರಶ್ನೆಗೆ ಉತ್ತರವನ್ನು ಕಟ್ಟಿ, ಊರಿನಿಂದ ತಿದ್ದಿಸಿಕೊಂಡರು. ಸೃಜನಶೀಲ ಬೋಧನೆಯೆಂದರೆ ತರಗತಿಗೆ ಹೊಸ ಆಟಗಳನ್ನು ತರುವುದಷ್ಟೇ ಅಲ್ಲ, ಈ ತಿದ್ದುಪಡಿಗೆ ಪಠ್ಯಕ್ರಮದಲ್ಲಿ ಎಡೆಮಾಡುವುದು.

ಈ ಪ್ರಯೋಗವನ್ನು ಅತಿಯಾಗಿ ಹೊಗಳುವುದೂ ಉಚಿತವಲ್ಲ. ಪುರದ ಘಟಕವು ಶಾಶ್ವತವಾಗಿ ನಡೆಯಲಿಲ್ಲ. ಕೆಲವು ವರ್ಷಗಳ ಸೇವೆಯ ತರುವಾಯ ನಿಂತಿತು. ಅದರಿಂದ ಕಲಿಯಬೇಕಾದುದನ್ನು ರೆಡ್ಡಿಯವರೇ 2004ರಲ್ಲಿ ಲೇಖನವಾಗಿ ಪ್ರಕಟಿಸಿದರು. ವಿಫಲತೆಯನ್ನು ಮುಚ್ಚಿಡದ ಆ ಬರಹವು ಯಶಸ್ಸಿನ ವರದಿಗಿಂತ ಉತ್ತಮ ಪಠ್ಯ. ಆದರೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಪುರದ ಹೆಸರನ್ನಾದರೂ ಕೇಳಿದ್ದಾರು?

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಅವಕಾಶವಿತ್ತಿತು. ಇದು ಸ್ವಾಗತಾರ್ಹ. ಆದರೆ ಪರದೇಶದ ಪಠ್ಯಪುಸ್ತಕವನ್ನು ಅನುವಾದಿಸಿ, ಅದರ ಸಮಸ್ಯೆಗಳನ್ನೇ ಕನ್ನಡದ ಲಿಪಿಯಲ್ಲಿ ಕೇಳಿದರೆ ಸಾಧಿಸಿದುದು ಅರ್ಧ ಮಾತ್ರ. ನೀರು ಹೊರುವ ಹೆಂಗಸು ತನ್ನ ಕಷ್ಟವನ್ನು ಹೇಳುವುದು ಕನ್ನಡದಲ್ಲಿ. ಆ ಮಾತನ್ನು ಕೇಳಿ, ಅಳೆದು, ಲೆಕ್ಕವಾಗಿ ಮಾರ್ಪಡಿಸಬಲ್ಲ ವಿದ್ಯಾರ್ಥಿ ಸಿದ್ಧನಾದಾಗಲೇ ಕನ್ನಡದ ಎಂಜಿನಿಯರಿಂಗ್ ಎಂಬ ಮಾತಿಗೆ ಅರ್ಥ ಬಂದೀತು. ಕನ್ನಡವು ಆ ಶಿಕ್ಷಣದ ಮಾಧ್ಯಮವಾದರೆ ಸಾಲದು. ಅದರ ಪ್ರಶ್ನೆಗಳು ಹುಟ್ಟುವ ನೆಲವೂ ಆಗಬೇಕು.