ಸೊನ್ನೆ ಕ್ಯಾಲೊರಿಯ ಸಿಹಿ ನೀರು

ತೂಕ ಇಳಿಸೋಕೆ ಹೊರಟವರ ಆಫೀಸ್ ಟೇಬಲ್ ಮೇಲೆ ಈಗ ಒಂದು ಪುಟ್ಟ ಬಾಟಲಿ ಇರುತ್ತೆ. ನೀರಿಗೆ ನಾಲ್ಕು ಹನಿ ಬಿಟ್ಟರೆ ಮಾವಿನ ರುಚಿ, ಕ್ಯಾಲೊರಿ ಸೊನ್ನೆ. ಲೇಬಲ್ ಸುಳ್ಳೇನಲ್ಲ. ಅದರಲ್ಲಿರೋ ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, ಚಿಟಿಕೆಯೂ ಬೇಡ. 300 ಮಿ.ಲೀ. ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತೆ. ಅದನ್ನು ಬಿಡೋಕೆ ಈ ಹನಿ ನೆರವಾದರೆ ನನ್ನ ತಕರಾರಿಲ್ಲ.

ಆದರೆ ಬರೀ ನೀರು ಕುಡೀತಿದ್ದವರೂ ಇದಕ್ಕೆ ಬಿದ್ದಿದ್ದಾರೆ. ಅವರಿಗೆ ಉಳಿತಾಯ ಆಗೋ ಕ್ಯಾಲೊರಿನೂ ಸೊನ್ನೆಯೇ! ತೂಕ ಹತೋಟಿಗೆ ಇಂಥ ಸಿಹಿಕಾರಕಗಳನ್ನು ನೆಚ್ಚಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲೇ ಹೇಳಿದೆ. ದೀರ್ಘಕಾಲದಲ್ಲಿ ಕೊಬ್ಬು ಇಳಿಸೋಕೆ ಪ್ರಯೋಜನ ಕಾಣಲಿಲ್ಲವಂತೆ. (ಈಗಾಗಲೇ ಸಕ್ಕರೆ ಕಾಯಿಲೆ ಇರೋರಿಗೆ ಆ ಸಲಹೆ ಅನ್ವಯಿಸಲ್ಲ.)

ನಮ್ಮ ಆಯನೂರು ಕಡೆ ಬೇಸಿಗೆಯಲ್ಲಿ ಮಡಕೆ ನೀರಿಗೆ ಲಾವಂಚದ ಬೇರು ಹಾಕ್ತಾರೆ. ಘಮ ಬರುತ್ತೆ, ಸಿಹಿ ಬರಲ್ಲ. ಸಿಹಿ ಅಂದರೆ ಬಂದ ನೆಂಟರಿಗೆ ನೀರಿನ ಜೊತೆ ಕೊಡೋ ಒಂದು ತುಂಡು ಬೆಲ್ಲ, ಅಷ್ಟೇ. ಹನಿ ಹಾಕಿದ ನೀರಲ್ಲಿ ಪ್ರತಿ ಗುಟುಕೂ ಸಿಹಿ. ದಿನವಿಡೀ ಹಾಗೆ ಕುಡಿದ ನಾಲಿಗೆ ಸಂಜೆ ಸಪ್ಪೆ ಕಾಫಿಗೆ ಒಪ್ಪುತ್ತೆ ಅಂತ ನನಗಂತೂ ನಂಬಿಕೆ ಇಲ್ಲ. ಲಾವಂಚ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತೆ, ತೊಳೆದು ಒಣಗಿಸಿದರೆ ಮತ್ತೆ ಬಳಸಬಹುದು.