ಕಡ್ಡಿಚಕ್ರದ ಆರೈಕೆ

ಜಾಗ್ವಾರ್ ಇ-ಟೈಪ್ ಕಾರಿನ ಒಂದು ಚಕ್ರಕ್ಕೆ 72 ಕಡ್ಡಿಗಳು, ಎಂಜಿಬಿಯ ಚಕ್ರಕ್ಕೆ 60. ಪ್ರತಿ ಕಡ್ಡಿಯ ಒಂದು ತುದಿ ಚಕ್ರದ ನಡುವಿನ ಹಬ್‌ಗೆ ಸಿಕ್ಕಿಕೊಂಡಿರುತ್ತದೆ, ಇನ್ನೊಂದು ತುದಿಯನ್ನು ರಿಮ್‌ನಲ್ಲಿ ಕೂತ ನಿಪ್ಪಲ್ ಬಿಗಿದು ಹಿಡಿದಿರುತ್ತದೆ. ಹಾಗಾಗಿ ಮಳೆನೀರು, ಮಣ್ಣು, ಬ್ರೇಕಿನ ದೂಳು ಸೇರಿಕೊಳ್ಳಲು ಒಂದೊಂದು ಚಕ್ರದಲ್ಲೂ ನೂರಕ್ಕೂ ಹೆಚ್ಚು ಸಂದುಗಳು. ಹೊರಮೈ ಥಳಥಳಿಸುತ್ತಿದ್ದರೂ ಈ ಸಂದುಗಳಲ್ಲಿ ತುಕ್ಕು ತನ್ನ ಪಾಡಿಗೆ ತಾನು ಬೆಳೆಯುತ್ತಿರುತ್ತದೆ. ಕಡ್ಡಿಚಕ್ರವನ್ನು ತೊಳೆಯುವುದು ಅಂದಕ್ಕಾಗಿ ಮಾಡುವ ಕೆಲಸ ಎಂದುಕೊಳ್ಳುವುದು ತಪ್ಪು. ಒಂದೊಂದು ಕಡ್ಡಿಯನ್ನೂ ಕೈಯಿಂದ ಮುಟ್ಟಿ ನೋಡುವ ಅವಕಾಶ ಬೇರೆ ಯಾವ ಕೆಲಸದಲ್ಲೂ ಸಿಗುವುದಿಲ್ಲ.

ಎತ್ತಿನ ಗಾಡಿಯ ಗಾಲಿಯಲ್ಲಿ ಮರದ ದಪ್ಪ ಅರಗಳು ಒತ್ತಡವನ್ನು ತಾಳುತ್ತವೆ. ಸಣ್ಣ ತಂತಿಗೆ ಒತ್ತಿದರೆ ಬಾಗುವುದಷ್ಟೇ ಗೊತ್ತು, ಎಳೆತವನ್ನು ಮಾತ್ರ ಅದು ಅದ್ಭುತವಾಗಿ ತಡೆದುಕೊಳ್ಳುತ್ತದೆ. ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿದು, ಆ ಎಳೆತದ ಮೇಲೆಯೇ ಚಕ್ರವನ್ನು ನಿಲ್ಲಿಸುವ ಈ ಉಪಾಯವನ್ನು ಇಂಗ್ಲೆಂಡಿನ ಜಾರ್ಜ್ ಕೇಲಿ 1808ರಲ್ಲಿ ಹಾರುವ ಯಂತ್ರಕ್ಕೆಂದು ಯೋಚಿಸಿದ್ದರು. ಅದು ಸೈಕಲ್ಲಿಗೆ ಬಂತು, ಅಲ್ಲಿಂದ ಕಾರಿಗೆ. ಕವೆಂಟ್ರಿಯ ಸೈಕಲ್ ತಯಾರಕರಾದ ರಡ್ಜ್-ವಿಟ್‌ವರ್ತ್ ಕಂಪನಿಯ ಜಾನ್ ಪ್ಯೂ, ನಡುವಿನ ಒಂದೇ ನಟ್ ಬಿಚ್ಚಿ ಇಡೀ ಚಕ್ರವನ್ನು ಕಳಚುವ ವಿಧಾನವನ್ನು ರೂಪಿಸಿದರು. 1908ರ ಫ್ರೆಂಚ್ ಗ್ರ್ಯಾಂಡ್ ಪ್ರಿ ಪಂದ್ಯದಲ್ಲಿ ಈ ಚಕ್ರಗಳಿಗೆ ಅನುಮತಿ ಸಿಗದೆ ನೇಪಿಯರ್ ತಂಡ ಹಿಂದೆ ಸರಿಯಿತು. ಮುಂದೆ ಮಿಲಾನಿನ ಕಾರ್ಲೊ ಬೊರಾನಿ ಇದೇ ವಿಧಾನದ ಪರವಾನಗಿ ಪಡೆದು ಚಕ್ರ ತಯಾರಿಸತೊಡಗಿದರು, ಫೆರಾರಿಗಳು ಅವನ್ನು ತೊಟ್ಟು ಓಡಿದವು.

ಆರೈಕೆಯ ಮೊದಲ ಹೆಜ್ಜೆ ಚಕ್ರವನ್ನು ಕಳಚುವುದು. ಕಾರಿನಲ್ಲೇ ಇಟ್ಟು ತೊಳೆದರೆ ಹಿಂಬದಿ ಕೈಗೆ ಸಿಗುವುದಿಲ್ಲ. ಬ್ರೇಕಿನ ದೂಳು ಕೂರುವುದು ಹೆಚ್ಚಾಗಿ ಅಲ್ಲೇ. ಎರಡು ಕಿವಿಗಳ ಸ್ಪಿನ್ನರ್ ನಟ್ ಇದ್ದರೆ ತಾಮ್ರ, ಸೀಸ ಅಥವಾ ಚರ್ಮದ ತಲೆಯ ಸುತ್ತಿಗೆಯಿಂದ ಬಡಿದು ಬಿಚ್ಚಬೇಕು. ಉಕ್ಕಿನ ಸುತ್ತಿಗೆ ತಾಗಿದರೆ ಕಿವಿಗಳ ಮೇಲಿನ ಕ್ರೋಮ್ ಒಡೆಯುತ್ತದೆ. ಕಾರಿನ ಎಡಬದಿಯ ನಟ್‌ನ ಮರೆಗೂ (ತಿರುಪಿಗೂ) ಬಲಬದಿಯ ನಟ್‌ನ ಮರೆಗೂ ದಿಕ್ಕು ಬೇರೆ ಬೇರೆ. ಬಿಚ್ಚುವ ದಿಕ್ಕಿನ ಬಾಣದ ಗುರುತು ನಟ್‌ಗಳ ಮೇಲೆಯೇ ಇರುತ್ತದೆ, ಅದನ್ನು ನೋಡದೆ ಬಡಿಯಬಾರದು. ಚಾಚಿಕೊಂಡ ಕಿವಿಗಳು ದಾರಿಹೋಕರಿಗೆ ಅಪಾಯವೆಂದು ಅಮೆರಿಕ 1968ರಿಂದ ಅವನ್ನು ನಿಷೇಧಿಸಿತು. ಅಲ್ಲಿಗೆ ಹೋದ ಹಲವು ಕಾರುಗಳಲ್ಲಿ ಎಂಟು ಮೂಲೆಯ ನಟ್ ಬಂದದ್ದು ಆಗ, ಅದಕ್ಕೆ ತಕ್ಕ ಸ್ಪ್ಯಾನರ್ ಬೇರೆಯೇ ಬೇಕು.

ಬಿಸಿಯಾಗಿರುವ ಚಕ್ರಕ್ಕೆ ನೀರು ಸುರಿಯಬಾರದು. ತಣಿದ ಮೇಲೆ ಸಡಿಲ ಮಣ್ಣು ಹೋಗುವಂತೆ ನೀರು ಹಾಯಿಸಿ, ಕಾರು ತೊಳೆಯುವ ಸೌಮ್ಯ ಶಾಂಪೂವಿನ ನೊರೆ ಹಚ್ಚಬೇಕು. ಬಾಟಲಿ ತೊಳೆಯುವ ಬ್ರಷ್, ಹಳೆಯ ಟೂತ್‌ಬ್ರಷ್, ಮೆತ್ತನೆಯ ಪೇಂಟ್ ಬ್ರಷ್ ಇದ್ದರೆ ಸಾಕು. ಕಡ್ಡಿಗಳು ಒಂದನ್ನೊಂದು ದಾಟುವ ಕಡೆ ಹಳೆಯ ಪಂಚೆಯಿಂದ ಹರಿದ ಪಟ್ಟಿಯನ್ನು ತೂರಿಸಿ, ಎರಡೂ ತುದಿ ಹಿಡಿದು ಹಿಂದೆ ಮುಂದೆ ಎಳೆಯುವುದಕ್ಕಿಂತ ಒಳ್ಳೆಯ ವಿಧಾನ ಇನ್ನೊಂದಿಲ್ಲ. ಆಮ್ಲ ಬೆರೆತ ಚಕ್ರ ಕ್ಲೀನರ್‌ಗಳನ್ನು ದೂರವಿಡಬೇಕು. ಕ್ರೋಮ್ ಲೇಪ ತೀರ ತೆಳು, ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಆಮ್ಲ ಅವುಗಳ ಮೂಲಕ ಇಳಿದು ಕೆಳಗಿನ ಲೋಹವನ್ನು ತಿನ್ನುತ್ತದೆ, ನಿಪ್ಪಲ್‌ಗಳ ಸಂದಿನಲ್ಲಿ ಉಳಿದರೆ ಹೊರಗೆ ಬರುವುದೇ ಇಲ್ಲ.

ತೊಳೆಯುವುದಕ್ಕಿಂತ ಒಣಗಿಸುವುದು ಮುಖ್ಯ. ಬಟ್ಟೆ ಮುಟ್ಟದ ಜಾಗದ ನೀರನ್ನು ಕಂಪ್ರೆಸರ್ ಗಾಳಿಯಿಂದ ಊದಿ ತೆಗೆಯಬೇಕು. ಪೂರ್ತಿ ಒಣಗಿದ ಮೇಲೆ ಕಡ್ಡಿಗಳಿಗೂ ನಿಪ್ಪಲ್‌ಗಳಿಗೂ ತೆಳುವಾಗಿ ಮೇಣ ಹಚ್ಚಿದರೆ ಮುಂದಿನ ಸಲ ದೂಳು ಅಷ್ಟು ಗಟ್ಟಿಯಾಗಿ ಅಂಟುವುದಿಲ್ಲ.

ಈಗ ಕಡ್ಡಿಗಳನ್ನು ಕೇಳಿಸಿಕೊಳ್ಳುವ ಸಮಯ. ಸಣ್ಣ ಸ್ಪ್ಯಾನರ್‌ನಿಂದ ಒಂದೊಂದನ್ನೇ ಮೆಲ್ಲಗೆ ತಟ್ಟಿದರೆ ಬಿಗಿಯಾದ ಕಡ್ಡಿ ಸ್ಪಷ್ಟವಾಗಿ ನಾದ ಕೊಡುತ್ತದೆ, ಸಡಿಲಾದದ್ದು ಬದ್ದೆನ್ನುತ್ತದೆ. ಕಾರು ಓಡುವಾಗ ಪ್ರತಿ ಕಡ್ಡಿಯ ಎಳೆತವೂ ಸುತ್ತು ಸುತ್ತಿಗೂ ಏರಿಳಿಯುತ್ತದೆ. ಸಡಿಲಾದ ಕಡ್ಡಿಯಲ್ಲಿ ಈ ಏರಿಳಿತ ಲೋಹವನ್ನು ದಣಿಸಿ ಮುರಿಯುತ್ತದೆ, ಅದರ ಹೊರೆ ಅಕ್ಕಪಕ್ಕದ ಕಡ್ಡಿಗಳ ಮೇಲೆ ಬೀಳುತ್ತದೆ. ಒಂದೆರಡು ಮಾತ್ರ ಸಡಿಲಾಗಿದ್ದರೂ ಟೈರ್ ತೆಗೆಯದೆ ಬಿಗಿಯುವುದು ಸರಿಯಲ್ಲ, ಏಕೆಂದರೆ ನಿಪ್ಪಲ್ ತಿರುಗಿದಾಗ ಕಡ್ಡಿಯ ತುದಿ ರಿಮ್‌ನ ಒಳಗೆ ಚಾಚಿ ಟ್ಯೂಬನ್ನು ಚುಚ್ಚಬಹುದು. ಒಂದನ್ನೇ ಅತಿಯಾಗಿ ಬಿಗಿದರೆ ರಿಮ್ ಆ ಬದಿಗೆ ವಾಲಿ ಚಕ್ರ ಔಟ್ ಆಗುತ್ತದೆ. ಹಲವು ಕಡ್ಡಿಗಳು ಸಡಿಲಾಗಿದ್ದರೆ ಅಥವಾ ನಿಪ್ಪಲ್‌ಗಳು ತುಕ್ಕಿನಿಂದ ಕಚ್ಚಿಕೊಂಡಿದ್ದರೆ, ಔಟ್ ತೆಗೆಯಬಲ್ಲ ಅನುಭವಿಗಳ ಕೈಗೆ ಚಕ್ರವನ್ನು ಒಪ್ಪಿಸುವುದು ಲೇಸು. ಕಡ್ಡಿಗಳ ತೂತುಗಳಿರುವ ಹಳೆಯ ರಿಮ್‌ನಲ್ಲಿ ಗಾಳಿ ನಿಲ್ಲದು, ಅದಕ್ಕೆ ಟ್ಯೂಬ್ ಬೇಕೇ ಬೇಕು. ಟೈರ್ ಬಿಚ್ಚಿದಾಗಲೆಲ್ಲ ಹೊಸ ರಿಮ್ ಟೇಪ್ ಹಾಕಬೇಕು.

ಬಣ್ಣವೋ ಕ್ರೋಮೋ ಎಂಬ ವಾದ ಹಳೆಯದು. ಇ-ಟೈಪ್‌ಗೂ ಎಂಜಿಬಿಗೂ ಬೆಳ್ಳಿ ಬಣ್ಣದ ಚಕ್ರಗಳೂ ಇದ್ದವು, ಕ್ರೋಮ್ ಬೇಕೆಂದವರು ಹೆಚ್ಚು ದುಡ್ಡು ಕೊಡುತ್ತಿದ್ದರು. ಬಳಸುವ ಕಾರಿಗೆ ಬಣ್ಣವೇ ಮೇಲು: ಕಲ್ಲು ಹಾರಿ ಚೂರು ಎದ್ದರೆ ಆ ಜಾಗಕ್ಕಷ್ಟೇ ಬಣ್ಣ ಮುಟ್ಟಿಸಬಹುದು, ಕ್ರೋಮ್ ಎದ್ದರೆ ಚಕ್ರವನ್ನು ಬಿಚ್ಚಿ ಮತ್ತೆ ಲೇಪಿಸಬೇಕು. ಲೇಪಿಸುವಾಗ ಉಕ್ಕಿಗೆ ಸೇರುವ ಹೈಡ್ರೋಜನ್ ಕಡ್ಡಿಯನ್ನು ಪೆಡಸಾಗಿಸುವ ಅಪಾಯವೂ ಇದೆ. ಇಂದು ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿಗಳು ಸಿಗುವುದರಿಂದ ಹೊಳಪು ಬೇಕೆನ್ನುವವರಿಗೆ ಅವೇ ಸರಿ. ದಪ್ಪನೆಯ ಪೌಡರ್ ಕೋಟಿಂಗ್ ಮಾತ್ರ ಬೇಡ. ಅದು ನಿಪ್ಪಲ್‌ಗಳನ್ನೂ ಮುಚ್ಚಿಬಿಡುತ್ತದೆ, ಆಮೇಲೆ ಕಡ್ಡಿ ಬಿಗಿಯಲು ಹೊರಟರೆ ಲೇಪ ಬಿರಿಯುತ್ತದೆ.

ಕೊನೆಗೆ ಉಳಿಯುವುದು ಯಾರೂ ನೋಡದ ಭಾಗ, ಕಾರಿನಲ್ಲೇ ಉಳಿದು ಚಕ್ರವನ್ನು ಹೊರುವ ಹಬ್‌ನ ಸ್ಪ್ಲೈನ್‌ಗಳು. ಎಂಜಿನ್ನಿನ ಬಲ, ಬ್ರೇಕಿನ ಬಲ ಎರಡೂ ಚಕ್ರಕ್ಕೆ ದಾಟುವುದು ಈ ಹಲ್ಲುಗಳ ಮೂಲಕ. ಹಳೆಯ ಗ್ರೀಸನ್ನು ಸೀಮೆಎಣ್ಣೆಯಿಂದ ತೊಳೆದು ಹಲ್ಲುಗಳ ಮೇಲೆ ಬೆಳಕು ಬಿಟ್ಟು ನೋಡಬೇಕು. ತುದಿ ಚಪ್ಪಟೆಯಾಗಿದ್ದರೆ ಕ್ಷೇಮ. ಚೂಪಾಗಿ ಒಂದು ಬದಿಗೆ ವಾಲಿದ್ದರೆ ಸವೆದಿವೆ ಎಂದರ್ಥ, ಹೊರಡುವಾಗಲೂ ಬ್ರೇಕ್ ಒತ್ತಿದಾಗಲೂ ಕೇಳುವ ಟಕ್ ಸದ್ದು ಇದರದೇ. ಸವೆದ ಹಬ್‌ಗೆ ಹೊಸ ಚಕ್ರ ಹಾಕಿದರೆ ಹೊಸದೂ ಬೇಗ ಸವೆಯುತ್ತದೆ, ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಹಲ್ಲುಗಳಿಗೂ ಮರೆಗಳಿಗೂ ಹಬ್‌ನ ಇಳಿಜಾರು ಮುಖಗಳಿಗೂ ಹೊಸ ಗ್ರೀಸ್ ತೆಳುವಾಗಿ ಸವರಿ, ಚಕ್ರ ನೆಲದಿಂದ ಎದ್ದಿರುವಾಗಲೇ ನಟ್ ಬಿಗಿದರೆ ಚಕ್ರ ಸರಿಯಾಗಿ ನಡುವಿಗೆ ಕೂರುತ್ತದೆ. ಕೆಲವು ಕಿಲೋಮೀಟರ್ ಓಡಿಸಿದ ನಂತರ ನಾಲ್ಕೂ ನಟ್‌ಗಳನ್ನು ಮತ್ತೊಮ್ಮೆ ಬಡಿದು ನೋಡಬೇಕು, ಮೊದಲ ಓಟದಲ್ಲಿ ಅವು ಒಂದಿಷ್ಟು ಸಡಿಲಾಗುವುದುಂಟು.